ಬಾರದ ಅತಿಥಿ: ಆಧುನಿಕ ಅರಬ್ಬಿ ಕವಯಿತ್ರಿಯರ ಕಾವ್ಯದಲ್ಲಿ ನಲ್ಲ

(ನಮ್ಮ ಸಂಘದ ಸಾಹಿತ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



‘ಕಾವ್ಯದಲ್ಲಿ ಸ್ತ್ರೀ’ ಎಂಬ ವಿಷಯವನ್ನು ಕುರಿತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಂದಿರುವ ಪ್ರಬಂಧಗಳನ್ನು ಒಂದರ ಮೇಲೊಂದು ಪೇರಿಸಿದರೆ ಈ ಸಭಾಂಗಣದ ಸೂರು ಮುಟ್ಟಬಹುದು. ‘ಕಾವ್ಯದಲ್ಲಿ ಪುರುಷ’ ಎಂಬ ವಿಷಯ ಮಾತ್ರ ಯಾರನ್ನೂ ಅಷ್ಟಾಗಿ ಕಾಡಿದಂತಿಲ್ಲ. ಅದು ಸಹಜವೇ. ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂಬ ಏರ್ಪಾಡು ಎಷ್ಟು ಹಳೆಯದೆಂದರೆ, ನೋಟ ತಿರುಗುಮುರುಗಾದಾಗ ಏನು ಕಂಡೀತು ಎಂದು ಕೇಳುವುದೇ ನಮಗೆ ಮರೆತುಹೋಗಿದೆ. ಹೆಣ್ಣು ತಾನು ಪ್ರೀತಿಸುವ ಗಂಡಸನ್ನು ಕುರಿತು ಬರೆಯುವಾಗ ಅವನು ಹೇಗೆ ಕಾಣುತ್ತಾನೆ, ಅಥವಾ ಏಕೆ ಕಾಣುವುದೇ ಇಲ್ಲ? ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಅರಬ್ಬಿ ಕವಯಿತ್ರಿಯರ ಮುಂದಿಟ್ಟು ನೋಡುವುದು ಇಂದಿನ ನನ್ನ ಉದ್ದೇಶ. ಇಂಗ್ಲಿಷಿಗೆ ಬಂದಿರುವ ಅನುವಾದಗಳು ಮತ್ತು ಅರಬ್ಬಿ ಬಲ್ಲ ಗೆಳತಿಯೊಬ್ಬರ ನೆರವು ನನ್ನ ಓದಿನ ಆಧಾರ.

ಅರಬ್ಬಿಯೇ ಏಕೆ ಎಂದು ನೀವು ಕೇಳಬಹುದು. ಅರಬ್ ಗಂಡಸಿನ ಬಗ್ಗೆ ನಮ್ಮ ತಲೆಯಲ್ಲಿ ಎರಡೇ ಚಿತ್ರಗಳಿವೆ. ಒಂದು, ಸಿನಿಮಾದವರು ಕೊಟ್ಟ ಶೇಖನದು. ಇನ್ನೊಂದು, ಪತ್ರಿಕೆಯ ಮುಖಪುಟದ ಮುಸುಕುಧಾರಿಯದು. ನಮ್ಮ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಮೂರನೆಯ ಚಿತ್ರವೊಂದನ್ನು ತಂದಿದ್ದಾರೆ, ಅದು ಒಡೆಯನದು. ಈ ಮೂರರಲ್ಲಿ ಯಾವುದೂ ಅವನನ್ನು ಅಣ್ಣನೆಂದು, ಗಂಡನೆಂದು, ನಲ್ಲನೆಂದು ಬಲ್ಲವಳು ಬರೆದ ಚಿತ್ರವಲ್ಲ. ಅವನೊಡನೆ ಒಂದೇ ಸೂರಿನಡಿ ಬಾಳಿದ, ಅವನಿಂದ ನೊಂದ, ಅವನನ್ನು ಹಂಬಲಿಸಿದ ಹೆಣ್ಣುಗಳು ಬರೆದ ಚಿತ್ರಗಳು ಬೇರೆಯೇ ಇವೆ.

ಮೊದಲು ವ್ಯಾಕರಣದ ಒಂದು ಮಾತು. ಅದು ಒಣ ವಿಷಯವೆಂದು ಬೇಸರಿಸಬೇಡಿ. ಈ ಕಾವ್ಯದ ಜೀವ ಅಲ್ಲಿಯೇ ಇದೆ. ನಮ್ಮ ಕನ್ನಡದಲ್ಲಿ ‘ನೀನು’ ಎಂಬುದಕ್ಕೆ ಲಿಂಗವಿಲ್ಲ. ‘ನೀನು ಬಂದೆ’ ಎಂದರೆ ಬಂದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಅರಬ್ಬಿಯಲ್ಲಿ ಗಂಡಸಿಗೆ ‘ಅಂತ’, ಹೆಂಗಸಿಗೆ ‘ಅಂತಿ’. ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದನ್ನು ಗಂಡಸಿಗೆ ಹೇಳುವಾಗ ‘ಉಹಿಬ್ಬುಕ’, ಹೆಂಗಸಿಗೆ ಹೇಳುವಾಗ ‘ಉಹಿಬ್ಬುಕಿ’. ವ್ಯತ್ಯಾಸ ಕೊನೆಯ ಒಂದು ಹ್ರಸ್ವ ಸ್ವರದಲ್ಲಿ ಮಾತ್ರ. ಆ ಹ್ರಸ್ವ ಸ್ವರವನ್ನು ಸಾಮಾನ್ಯ ಬರವಣಿಗೆಯಲ್ಲಿ ಗುರುತಿಸುವ ವಾಡಿಕೆಯಿಲ್ಲ. ಅಂದರೆ ಕಾಗದದ ಮೇಲೆ ಎರಡೂ ಒಂದೇ; ಬಾಯಿಬಿಟ್ಟು ಓದಿದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಇದರ ಜೊತೆಗೆ ಇನ್ನೊಂದು ಸಂಪ್ರದಾಯವಿದೆ. ಅರಬ್ಬಿ ಪ್ರೇಮಗೀತದಲ್ಲಿ ಗಂಡು ಕವಿ ತನ್ನ ನಲ್ಲೆಯನ್ನು ಕುರಿತು ಹಾಡುವಾಗಲೂ ಅನೇಕ ವೇಳೆ ‘ಹಬೀಬ್’ ಎಂಬ ಪುಲ್ಲಿಂಗವನ್ನೇ ಬಳಸುತ್ತಾನೆ. ಉರ್ದು ಗಜಲ್ ಕೇಳಿದ ಮುಂಬಯಿ, ಹೈದರಾಬಾದುಗಳ ಕನ್ನಡಿಗರಿಗೆ ಇದು ಹೊಸದಲ್ಲ. ಹೆಣ್ಣಿನ ಹೆಸರು ಹೊರಬೀಳದಿರಲಿ ಎಂಬ ಮರ್ಯಾದೆಯ ಪರದೆಯಿದು. ಸಾವಿರ ವರ್ಷಗಳಿಂದ ಹೀಗೆ ಪರದೆಯಾಗಿದ್ದ ಪದವನ್ನು ಆಧುನಿಕ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಕೈಗೆತ್ತಿಕೊಂಡು ಬರೆದಾಗ, ಅದೇ ‘ಹಬೀಬ್’ ಮೊದಲ ಬಾರಿಗೆ ತನ್ನ ನಿಜವಾದ ಅರ್ಥದಲ್ಲಿ ನಿಲ್ಲುತ್ತದೆ. ಪರದೆಯಾಗಿದ್ದುದೇ ಈಗ ಪರದೆಯನ್ನು ಸರಿಸುತ್ತದೆ.

ಹಿಂದಿನ ಪರಂಪರೆಯನ್ನು ಸ್ವಲ್ಪ ನೋಡೋಣ. ಇಸ್ಲಾಮಿಗೂ ಮುಂಚಿನ ಅರಬ್ಬಿ ಕವಿ ತನ್ನ ದೀರ್ಘ ಕವಿತೆಯನ್ನು ಆರಂಭಿಸುವುದೇ ನಲ್ಲೆ ಬಿಟ್ಟುಹೋದ ಬಿಡಾರದ ಕುರುಹುಗಳ ಮುಂದೆ ನಿಂತು ಕಣ್ಣೀರಿಡುವುದರಿಂದ. ಅವಳು ಹೊರಟುಹೋಗಿದ್ದಾಳೆ, ಅವನು ನಿಂತು ಹಾಡುತ್ತಾನೆ. ನಮಗೆಲ್ಲ ಗೊತ್ತಿರುವ ಲೈಲಾ-ಮಜ್ನೂ ಕಥೆಯಲ್ಲಿಯೂ ಕವಿತೆಯೆಲ್ಲ ಮಜ್ನೂನದು. ಲೈಲಾಳಿಗೆ ಉಳಿದದ್ದು ಹೆಸರು. ಆ ಹೆಸರೇ ಅವಳಿಗೆ ಮುಳುವಾಯಿತು. ಹೆಣ್ಣಿನ ಹೆಸರೆತ್ತಿ ಪ್ರೇಮಪದ್ಯ ಕಟ್ಟಿದವನಿಗೆ ಆ ಹೆಣ್ಣನ್ನು ಕೊಡಬಾರದು, ಕೊಟ್ಟರೆ ಕುಲಕ್ಕೆ ಕಳಂಕ ಎಂಬ ಕಟ್ಟಳೆಯೇ ಆ ಕಥೆಯ ದುರಂತಕ್ಕೆ ಕಾರಣ. ಗಂಡಸಿನ ಪದ್ಯದಲ್ಲಿ ಹೆಸರು ಬಂದದ್ದಕ್ಕೇ ಹೆಣ್ಣಿನ ಬಾಳು ಹಾಳಾಗುವುದಾದರೆ, ಹೆಣ್ಣೇ ಗಂಡಸಿನ ಹೆಸರೆತ್ತಿ ಪದ್ಯ ಬರೆದರೆ ಗತಿಯೇನು?

ಹಾಗೆಂದು ಹೆಣ್ಣು ಸುಮ್ಮನಿರಲಿಲ್ಲ. ಏಳನೆಯ ಶತಮಾನದ ಅಲ್-ಖನ್ಸಾ ಅರಬ್ಬಿಯ ಅತಿ ದೊಡ್ಡ ಶೋಕಗೀತಕಾರ್ತಿ. ಕಾಳಗಗಳಲ್ಲಿ ಮಡಿದ ಮುಆವಿಯಾ ಮತ್ತು ಸಖ್ರ್ ಎಂಬ ತನ್ನ ಸೋದರರಿಗಾಗಿ, ಅದರಲ್ಲಿಯೂ ಸಖ್ರನಿಗಾಗಿ, ಅವಳು ಬದುಕಿನುದ್ದಕ್ಕೂ ಅತ್ತಳು. ಆ ಗೀತಗಳಲ್ಲಿ ಗಂಡಸಿನ ರೂಪ, ಔದಾರ್ಯ, ಎತ್ತರ, ಅತಿಥಿಗಳಿಗಾಗಿ ಅವನು ಹೊತ್ತಿಸುವ ಬೆಂಕಿ ಎಲ್ಲವೂ ಇವೆ. ಅದೇ ಶತಮಾನದ ಲೈಲಾ ಅಲ್-ಅಖ್ಯಲಿಯ್ಯಾ ತನ್ನ ನಲ್ಲ ತೌಬಾನನ್ನು ಮದುವೆಯಾಗಲು ಕುಲದವರು ಬಿಡಲಿಲ್ಲ. ಅವನು ಸತ್ತ ಮೇಲೆ ಅವನಿಗಾಗಿ ಅವಳು ಬರೆದ ಶೋಕಗೀತಗಳು ಪ್ರಸಿದ್ಧವಾದವು. ಬಸ್ರಾದ ಸಂತಳು ರಾಬಿಆ ತನ್ನ ಪ್ರೇಮವನ್ನೆಲ್ಲ ದೇವರಿಗೆ ಮೀಸಲಿಟ್ಟಳು. ಲೋಕದ ಗಂಡರನ್ನು ಒಲ್ಲೆನೆಂದು ಚೆನ್ನಮಲ್ಲಿಕಾರ್ಜುನನನ್ನು ವರಿಸಿದ ಅಕ್ಕನನ್ನು ಬಲ್ಲ ನಮಗೆ ಈ ಹಾದಿ ಅಪರಿಚಿತವಲ್ಲ. ಒಟ್ಟಿನಲ್ಲಿ ಒಂದು ಸೂತ್ರ ಹೊಳೆಯುತ್ತದೆ: ಹೆಣ್ಣು ಗಟ್ಟಿಯಾಗಿ ಪ್ರೀತಿಸಬಹುದಾದ ಗಂಡಸು ಒಂದೋ ಸತ್ತವನಾಗಿರಬೇಕು, ಇಲ್ಲವೇ ಒಡಹುಟ್ಟಿದವನಾಗಿರಬೇಕು, ಅದೂ ಅಲ್ಲದಿದ್ದರೆ ದೇವರಾಗಿರಬೇಕು. ಹನ್ನೊಂದನೆಯ ಶತಮಾನದ ಕಾರ್ಡೋಬಾದಲ್ಲಿ ವಲ್ಲಾದಾ ಎಂಬ ರಾಜಪುತ್ರಿ ತನ್ನ ಪದ್ಯಗಳನ್ನು ಉಡುಪಿನ ಮೇಲೆಯೇ ಕಸೂತಿ ಹಾಕಿಸಿಕೊಂಡು, ಕವಿ ಇಬ್ನ್ ಜೈದೂನನನ್ನು ಬಹಿರಂಗವಾಗಿ ಪ್ರೀತಿಸಿ, ಬಹಿರಂಗವಾಗಿಯೇ ಬೈದಳು ಎನ್ನುತ್ತಾರೆ. ಆದರೆ ಅವಳು ಅಪವಾದ. ಜೀವಂತ ಗಂಡಸನ್ನು ಕುರಿತು ಹೆಣ್ಣು ಬರೆಯುವುದು ಪರಂಪರೆಯಾಗಲಿಲ್ಲ.

ಇಪ್ಪತ್ತನೆಯ ಶತಮಾನದ ನಡುವೆ ಈ ಸೂತ್ರ ಸಡಿಲಗೊಳ್ಳುತ್ತದೆ. ಅದಕ್ಕೆ ಬಾಗ್ದಾದಿನ ನಾಜಿಕ್ ಅಲ್-ಮಲಾಇಕಾ ಅವರಿಂದ ಆರಂಭಿಸಬೇಕು. 1923ರಲ್ಲಿ ಹುಟ್ಟಿ 2007ರಲ್ಲಿ ಕೈರೋದಲ್ಲಿ ತೀರಿಕೊಂಡ ಈಕೆ ಅರಬ್ಬಿ ನವ್ಯಕಾವ್ಯದ ಬಾಗಿಲು ತೆರೆದವರಲ್ಲಿ ಒಬ್ಬರು. 1947ರಲ್ಲಿ ಈಜಿಪ್ಟಿನಲ್ಲಿ ಹರಡಿದ ಕಾಲರಾ ಕುರಿತು ಅವರು ಬರೆದ ಕವಿತೆ ಹಳೆಯ ಛಂದಸ್ಸಿನ ಸಮಪಾದದ ಕಟ್ಟನ್ನು ಸಡಿಲಿಸಿತು. ಅದೇ ವರ್ಷ ಬಂದ ಅವರ ಮೊದಲ ಸಂಕಲನದ ಹೆಸರು ‘ಇರುಳಿನ ಪ್ರೇಯಸಿ’. ಹೆಸರನ್ನು ಗಮನಿಸಿ. ಪ್ರೇಯಸಿ ಇದ್ದಾಳೆ, ನಲ್ಲನ ಜಾಗದಲ್ಲಿ ಇರುವುದು ಇರುಳು.

ನಾಜಿಕ್ ಅವರ ‘ಬಾರದ ಅತಿಥಿ’ ಎಂಬ ಕವಿತೆಯನ್ನು ಈ ವಿಷಯದ ಕೀಲಿಕೈ ಎಂದು ನಾನು ತಿಳಿಯುತ್ತೇನೆ. ಸಂಜೆ ಕಳೆಯುತ್ತಿದೆ, ಚಂದ್ರ ಮುಳುಗುವ ಹೊತ್ತು, ಬರಬೇಕಾದವನು ಬಂದಿಲ್ಲ. ಇಷ್ಟಾದರೆ ಇದು ನಮ್ಮ ವಿರಹಿಣಿಯರ ಹಳೆಯ ಹಾಡು. ಆದರೆ ಕವಿತೆ ಅಲ್ಲಿಂದ ಬೇರೆ ದಿಕ್ಕಿಗೆ ಹೊರಳುತ್ತದೆ. ಒಂದು ವೇಳೆ ಅವನು ಬಂದಿದ್ದರೆ ಏನಾಗುತ್ತಿತ್ತು ಎಂದು ಆಕೆ ಯೋಚಿಸುತ್ತಾಳೆ. ಕುಳಿತು, ಮಾತಾಡಿ, ಹೊತ್ತು ಹೋಗುತ್ತಿತ್ತು. ಕಾಯುವಿಕೆ ಕೊಟ್ಟ ಬಣ್ಣವೆಲ್ಲ ಮಾಸುತ್ತಿತ್ತು. ತಾನು ಪ್ರೀತಿಸಿದ್ದು ಕನಸಿನ ಅವನನ್ನು, ರಕ್ತಮಾಂಸದ ಅವನನ್ನಲ್ಲ ಎಂಬ ಅರಿವು ಕೊನೆಗೆ ಮೂಡುತ್ತದೆ. ವಿಮರ್ಶಕರು ಇದನ್ನು ರಮ್ಯ ಕಾವ್ಯದ ನಿರಾಶೆ ಎನ್ನಬಹುದು. ನನಗೆ ಹಾಗೆ ತೋರುವುದಿಲ್ಲ. ಇಲ್ಲಿ ಹೆಣ್ಣು ಒಂದು ಲೆಕ್ಕ ಹಾಕುತ್ತಿದ್ದಾಳೆ. ಬಂದವನು ಒಡೆಯನಾಗುತ್ತಾನೆ, ಬಾರದವನು ಕವಿತೆಯಾಗುತ್ತಾನೆ. ಹಳೆಯ ಗಂಡು ಕವಿ ನಲ್ಲೆಯಿಲ್ಲದ ಬಿಡಾರದ ಮುಂದೆ ನಿಂತು ಹಾಡಿದಂತೆ, ನಾಜಿಕ್ ನಲ್ಲನಿಲ್ಲದ ಮನೆಯಲ್ಲಿ ಕುಳಿತು ಹಾಡುತ್ತಾರೆ. ಅಭಾವ ಈಗ ಅವನದು, ದನಿ ಇವಳದು.

ಬಂದವನು ಏನಾಗಬಹುದೆಂಬುದನ್ನು ಅವರದೇ ಇನ್ನೊಂದು ಕವಿತೆ ತೋರಿಸುತ್ತದೆ. ‘ಕಳಂಕ ತೊಳೆಯುವುದು’ ಎಂಬ ಅರ್ಥದ ಶೀರ್ಷಿಕೆಯ ಈ ಕವಿತೆ ಮನೆತನದ ಮಾನದ ಹೆಸರಿನಲ್ಲಿ ಕೊಲೆಯಾದ ಹುಡುಗಿಯನ್ನು ಕುರಿತದ್ದು. ಸಾಯುತ್ತಿರುವ ಹುಡುಗಿಯ ಬಾಯಲ್ಲಿ ಅಮ್ಮನ ಕರೆ. ಕೊಂದವನು ಕತ್ತಿ ಒರೆಸಿಕೊಂಡು ಹೆಂಡದಂಗಡಿಗೆ ಹೋಗಿ ಕುಡಿಯಲು ಕೇಳುತ್ತಾನೆ. ಕೇರಿಯ ಹೆಂಗಸರು ಮರುದಿನ ಎಂದಿನಂತೆ ರೊಟ್ಟಿಯ ಹಿಟ್ಟು ನಾದುತ್ತಾರೆ, ಮನಸ್ಸಿನಲ್ಲಿ ಮುಂದಿನ ಸರದಿಯ ಭಯವಿದೆ. ಇಡೀ ಕವಿತೆಯಲ್ಲಿ ಆ ಹುಡುಗಿಯ ನಲ್ಲನ ಸುಳಿವೇ ಇಲ್ಲ. ಅವನು ಯಾರು, ಎಲ್ಲಿದ್ದ, ಅವನಿಗೇನಾಯಿತು? ಯಾರೂ ಕೇಳುವುದಿಲ್ಲ. ಕಳಂಕ ಅವನಿಗಂಟುವುದಿಲ್ಲ. ಈ ಎರಡು ಕವಿತೆಗಳೂ 1957ರ ‘ಅಲೆಯ ತಳ’ ಸಂಕಲನದಲ್ಲಿವೆ. ಎರಡನ್ನೂ ಒಟ್ಟಿಗೆ ಓದಿದಾಗ ಮೊದಲನೆಯದರ ಕನಸು ಕೇವಲ ಕನಸಾಗಿ ಉಳಿಯುವುದಿಲ್ಲ. ಅದು ಪ್ರಾಣ ಉಳಿಸಿಕೊಳ್ಳುವ ದಾರಿಯೂ ಆಗಿ ಕಾಣುತ್ತದೆ.

ಈಗ ಪ್ಯಾಲೆಸ್ತೀನಿನ ನಾಬ್ಲಸ್ ಪಟ್ಟಣಕ್ಕೆ ಬರೋಣ. ಫದ್ವಾ ತೂಕಾನ್ ಹುಟ್ಟಿದ್ದು 1917ರಲ್ಲಿ, ಪ್ರತಿಷ್ಠಿತ ಮನೆತನದಲ್ಲಿ. ಶಾಲೆಗೆ ಹೋಗುವ ಹುಡುಗಿಗೆ ದಾರಿಯಲ್ಲಿ ಒಬ್ಬ ಹುಡುಗ ಒಂದು ಮಲ್ಲಿಗೆ ಹೂವು ಕೊಟ್ಟ. ಅಷ್ಟೇ. ಯಾರೋ ನೋಡಿದರು, ಮನೆಗೆ ಸುದ್ದಿ ಮುಟ್ಟಿತು, ಅಣ್ಣನೊಬ್ಬ ಶಾಲೆ ಬಿಡಿಸಿ ಮನೆಯಲ್ಲಿ ಕೂಡಿಹಾಕಿದ. ಇದನ್ನು ಫದ್ವಾ 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಪುಸ್ತಕದ ಹೆಸರಿನಲ್ಲಿಯೇ ಬೆಟ್ಟದ ದಾರಿ, ಕಷ್ಟದ ದಾರಿ ಎಂಬ ಮಾತಿದೆ. ಅದೇ ಮನೆಯ ಇನ್ನೊಬ್ಬ ಅಣ್ಣ ಇಬ್ರಾಹಿಂ ತೂಕಾನ್ ಹೆಸರಾಂತ ಕವಿ. ಬೇರೂತಿನಲ್ಲಿ ಓದು ಮುಗಿಸಿ ಬಂದ ಅವನು ತಂಗಿಯ ಸ್ಥಿತಿ ನೋಡಿ, ತಾನೇ ಗುರುವಾಗಿ ಕಾವ್ಯ ಕಲಿಸಿದ. ಮೊದಲ ಪಾಠಕ್ಕೆ ಅವನು ಹಳೆಯ ಸಂಕಲನವೊಂದರಿಂದ ಆರಿಸಿದ್ದು ಹೆಣ್ಣೊಬ್ಬಳು ತನ್ನ ಸತ್ತ ಸೋದರನಿಗಾಗಿ ಅತ್ತ ಪದ್ಯ. ಹೆಂಗಸರು ಎಂಥ ಕಾವ್ಯ ಬರೆದಿದ್ದಾರೆ ನೋಡು ಎಂದು ಹುರಿದುಂಬಿಸುವುದು ಅವನ ಇಚ್ಛೆ. 1941ರಲ್ಲಿ ಅವನು ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಾಗ ತಂಗಿ ಆ ಮೊದಲ ಪಾಠವನ್ನು ಬಾಳಿನಲ್ಲಿ ಒಪ್ಪಿಸಬೇಕಾಗಿ ಬಂತು. ಅವಳೂ ಅಲ್-ಖನ್ಸಾಳಂತೆ ಅಣ್ಣನಿಗಾಗಿ ಅತ್ತು ಕವಿಯಾದಳು.

ಒಂದೇ ಮನೆ, ಇಬ್ಬರು ಅಣ್ಣಂದಿರು: ಒಬ್ಬ ಶಾಲೆಯ ಬಾಗಿಲು ಮುಚ್ಚಿದ, ಇನ್ನೊಬ್ಬ ಕಾವ್ಯದ ಬಾಗಿಲು ತೆರೆದ. ಅರಬ್ ಗಂಡಸು ಎಂದರೆ ಇಂಥವನೇ ಎಂದು ಷರಾ ಬರೆಯುವವರು ಈ ಮನೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಫದ್ವಾ ಅವರ 1952ರ ಸಂಕಲನ ‘ದಿನಗಳೊಡನೆ ಒಂಟಿಯಾಗಿ’. ಅಲ್ಲಿನ ನಲ್ಲನಿಗೆ ಮೈಯಿಲ್ಲ. ಅವನು ಪತ್ರ, ನೆನಪು, ದೂರದ ದನಿ. ಇದಕ್ಕೆ ಬಾಳಿನ ಆಧಾರವೂ ಉಂಟು: ಈಜಿಪ್ಟಿನ ವಿಮರ್ಶಕ ಅನ್ವರ್ ಅಲ್-ಮಆದಾವಿಯವರೊಡನೆ ಅವರ ಸ್ನೇಹ ಬೆಳೆದದ್ದು ಅಂಚೆಯ ಮೂಲಕವೇ, ಮುಖ ನೋಡದೆಯೇ. ಆದರೆ ಇದನ್ನು ಅವರ ಬಾಳಿನ ಕೊರತೆಯೆಂದಷ್ಟೇ ನೋಡಿದರೆ ಕಾವ್ಯ ಕೈತಪ್ಪುತ್ತದೆ. ಕೂಡಿಹಾಕಿದ ಹೆಣ್ಣಿಗೆ ಪತ್ರವೆಂಬುದು ಹೊರಗಿನ ಲೋಕ. ನಲ್ಲ ಅವಳ ಪಾಲಿಗೆ ಒಬ್ಬ ಓದುಗ, ತನ್ನ ಬರಹವನ್ನು ಬರಹವೆಂದು ಓದುವ ಒಬ್ಬನೇ ಒಬ್ಬ ಗಂಡಸು. ರೂಪಕ್ಕಿಂತ, ಶೌರ್ಯಕ್ಕಿಂತ ಈ ಗುಣಕ್ಕಾಗಿ ಗಂಡಸನ್ನು ಬಯಸುವುದು ಪ್ರೇಮಕಾವ್ಯದಲ್ಲಿ ಹೊಸ ಮಾತು. 1957ರ ಸಂಕಲನದ ಹೆಸರು ‘ವಜದ್ತುಹಾ’. ಅರಬ್ಬಿಯ ಈ ಒಂದೇ ಪದವನ್ನು ಕನ್ನಡದಲ್ಲಿ ‘ನಾನು ಅವಳನ್ನು ಕಂಡುಕೊಂಡೆ’ ಎಂದು ಬಿಡಿಸಬೇಕು. ಆ ‘ಅವಳು’ ಕಳೆದುಹೋಗಿದ್ದ ತನ್ನತನವೇ ಎಂದು ಓದುವುದು ರೂಢಿ; ಅರಬ್ಬಿಯಲ್ಲಿ ಆತ್ಮವೂ ಸ್ತ್ರೀಲಿಂಗ. ನಲ್ಲನನ್ನು ಹುಡುಕುತ್ತ ಹೊರಟವಳಿಗೆ ಸಿಕ್ಕಿದ್ದು ತಾನೇ.

1967ರ ಜೂನ್ ಯುದ್ಧದಲ್ಲಿ ನಾಬ್ಲಸ್ ಇಸ್ರೇಲಿನ ವಶವಾಯಿತು. ಆ ನಂತರದ ಫದ್ವಾ ಅವರ ಕಾವ್ಯದಲ್ಲಿ ಪ್ರೀತಿಯ ಗಂಡಸು ಮತ್ತೆ ರೂಪ ಬದಲಿಸುತ್ತಾನೆ. ಈಗ ಅವನಿಗೆ ಹೆಸರಿದೆ, ವಯಸ್ಸಿದೆ, ಕೈಗಳಿವೆ. ‘ಹಂಜಾ’ ಎಂಬ ಕವಿತೆಯಲ್ಲಿ ಬರುವವನು ಊರಿನ ಎಲ್ಲರಂತೆ ದುಡಿದು ಉಣ್ಣುವ ಅರವತ್ತೈದರ ಸಾಮಾನ್ಯ ಮನುಷ್ಯ. ಸೈನಿಕರು ಅವನ ಮನೆಯನ್ನು ಸ್ಫೋಟಿಸುತ್ತಾರೆ. ಅವನು ಎದೆಯೆತ್ತಿ ನಿಲ್ಲುತ್ತಾನೆ. ಇವನು ನಲ್ಲನಲ್ಲ ನಿಜ. ಆದರೆ ಒಂಟಿ ಪ್ರೇಮದ ಕಾವ್ಯದಲ್ಲಿ ಮೈಯಿಲ್ಲದೆ ತೇಲುತ್ತಿದ್ದ ಗಂಡಸು ಮಣ್ಣಿನ ಮೇಲೆ ಕಾಲೂರಿ ನಿಂತದ್ದು ಇಲ್ಲಿ. ಇದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಸಾಮಾನ್ಯನ ಘನತೆ ಕಾವ್ಯಕ್ಕೆ ಬಂದದ್ದು ಲಾಭ. ದೇಶಕ್ಕಾಗಿ ಮಡಿದ ವೀರ ಮಾತ್ರ ಹಾಡಿಗೆ ಯೋಗ್ಯ ಎಂಬ ಹಳೆಯ ಸೂತ್ರ ಹೊಸ ವೇಷದಲ್ಲಿ ಮರಳಿದ್ದು ನಷ್ಟ. ಹುತಾತ್ಮನನ್ನು ಹೆಣ್ಣು ಬಹಿರಂಗವಾಗಿ ಪ್ರೀತಿಸಬಹುದು, ಯಾರೂ ಬೆರಳು ತೋರಿಸುವುದಿಲ್ಲ. ಸತ್ತವನನ್ನು ಪ್ರೀತಿಸುವ ಪರವಾನಗಿ ಅಲ್-ಖನ್ಸಾಳ ಕಾಲದಿಂದಲೂ ಇದೆ.

ಈ ಗಂಭೀರ ದನಿಗಳ ನಡುವೆ ಒಂದು ನಗುವಿನ ದನಿಯೂ ಇತ್ತು. ನಾಜಿಕ್ ಓದಿದ ಬಾಗ್ದಾದಿನ ಶಿಕ್ಷಕರ ಉನ್ನತ ಕಾಲೇಜಿನಲ್ಲಿಯೇ ಓದಿದ ಲಮೀಆ ಅಬ್ಬಾಸ್ ಅಮಾರಾ ಅವರನ್ನು ಸಾಹಿತ್ಯ ಚರಿತ್ರೆ ಬಹುಕಾಲ ಪರಿಚಯಿಸಿದ್ದು ಮಹಾಕವಿ ಬದ್ರ್ ಶಾಕಿರ್ ಅಲ್-ಸಯ್ಯಾಬ್ ಪ್ರೀತಿಸಿದ ಹುಡುಗಿ ಎಂದು. 1964ರಲ್ಲಿ ಅವರು ತೀರಿಕೊಂಡರು. ಲಮೀಆ 2021ರವರೆಗೂ ಬಾಳಿ ಹಲವು ಸಂಕಲನಗಳನ್ನು ತಂದರು. ಅವರ ಪದ್ಯಗಳಲ್ಲಿ ನಲ್ಲನನ್ನು ಕೆಣಕುವ, ಅವನ ದೊಡ್ಡಸ್ತಿಕೆಯನ್ನು ಮೆಲ್ಲಗೆ ಚಿವುಟುವ ಜಾಣತನವಿದೆ. ಕವಿಯ ನಲ್ಲೆಯಾಗಿ ಚರಿತ್ರೆಗೆ ಸೇರಿದವಳು ತಾನೂ ಕವಿ ಎಂದು ನೆನಪಿಸಲು ಒಂದು ಇಡೀ ಬಾಳು ಬೇಕಾಯಿತು.

ಗಂಡು ಕವಿಯೇ ಹೆಣ್ಣಿನ ಬಾಯಿಂದ ಮಾತಾಡಿದ ಪ್ರಸಂಗವನ್ನೂ ಹೇಳಬೇಕು. ಸಿರಿಯಾದ ನಿಜಾರ್ ಕಬ್ಬಾನಿ 1968ರಲ್ಲಿ ಹೆಣ್ಣೊಬ್ಬಳ ದಿನಚರಿಯ ರೂಪದಲ್ಲಿ ಒಂದು ಕೃತಿಯನ್ನೇ ಬರೆದರು. ಅರಬ್ ಪುರುಷಪ್ರಧಾನತೆಯನ್ನು ಅಷ್ಟು ಕಟುವಾಗಿ ಟೀಕಿಸಿದ ಕವಿ ವಿರಳ. ಅವರ ಸದುದ್ದೇಶವನ್ನು ಶಂಕಿಸಲಾಗದು. ಆದರೂ ಹೆಣ್ಣಿನ ಸಿಟ್ಟನ್ನೂ ಗಂಡಸೇ ಬರೆದುಕೊಟ್ಟಾಗ, ನಂತರ ಬಂದ ಕವಯಿತ್ರಿ ತನ್ನ ಸ್ವಂತ ಸಿಟ್ಟು ಯಾವುದೆಂದು ಹುಡುಕಬೇಕಾಗುತ್ತದೆ.

ಹಾಗೆ ಹುಡುಕಿದವರಲ್ಲಿ ಡಮಾಸ್ಕಸ್ಸಿನಲ್ಲಿ 1942ರಲ್ಲಿ ಹುಟ್ಟಿ ಬೇರೂತಿನಲ್ಲಿ ನೆಲೆಸಿ ಬರೆದ ಗಾದಾ ಅಲ್-ಸಮ್ಮಾನ್ ಮುಖ್ಯರು. 1970ರ ದಶಕದ ಅವರ ಒಂದು ಪುಸ್ತಕದ ಹೆಸರು ‘ನಿನ್ನ ಮೇಲೆ ಪ್ರೀತಿ ಸಾರಿದೆ’. ಅರಬ್ಬಿಯಲ್ಲಿ ಪ್ರೀತಿ ‘ಹುಬ್ಬ್’, ಯುದ್ಧ ‘ಹರ್ಬ್’. ಯುದ್ಧ ಸಾರುವ ವಾಕ್ಯದಲ್ಲಿ ಒಂದೇ ಒಂದು ವ್ಯಂಜನವನ್ನು ಬದಲಿಸಿ ಪ್ರೀತಿ ಸಾರಿದ್ದಾರೆ. ನಲ್ಲ ಇಲ್ಲಿ ಎದುರಾಳಿ, ಆದರೆ ಸರಿಸಮನಾದ ಎದುರಾಳಿ. ಕಾಯುವ ಹೆಣ್ಣು ಹೋಗಿ ಸವಾಲೊಡ್ಡುವ ಹೆಣ್ಣು ಬಂದಿದ್ದಾಳೆ. ಅಂತರ್ಯುದ್ಧದ ಲೆಬನಾನಿನಲ್ಲಿ ಆ ಶ್ಲೇಷೆ ಬರಿಯ ಚಮತ್ಕಾರವಾಗಿ ಉಳಿದಿರಲಾರದು.

1992ರಲ್ಲಿ ಗಾದಾ ಮಾಡಿದ ಇನ್ನೊಂದು ಕೆಲಸ ಅರಬ್ ಸಾಹಿತ್ಯಲೋಕವನ್ನು ಕಲಕಿತು. ಪ್ಯಾಲೆಸ್ತೀನಿನ ಮಹತ್ವದ ಕಥೆಗಾರ ಗಸ್ಸಾನ್ ಕನಫಾನಿ 1972ರ ಜುಲೈಯಲ್ಲಿ ಬೇರೂತಿನಲ್ಲಿ ಕಾರಿನಲ್ಲಿಟ್ಟ ಬಾಂಬಿಗೆ ಬಲಿಯಾದವರು, ಜನಮನದಲ್ಲಿ ಹುತಾತ್ಮ. ಅವರು ತನಗೆ ಬರೆದಿದ್ದ ಪ್ರೇಮಪತ್ರಗಳನ್ನು ಗಾದಾ ಇಪ್ಪತ್ತು ವರ್ಷಗಳ ಬಳಿಕ ಪ್ರಕಟಿಸಿದರು. ಆ ಪತ್ರಗಳಲ್ಲಿ ವೀರನಿಲ್ಲ. ಕಾತರಿಸುವ, ಅಂಗಲಾಚುವ, ಸೋಲುವ ಒಬ್ಬ ವಿವಾಹಿತ ಪುರುಷನಿದ್ದಾನೆ. ಹುತಾತ್ಮನ ಚಾರಿತ್ರ್ಯಕ್ಕೆ ಮಸಿ ಬಳಿದಳೆಂದು ಕೆಲವರು, ಅವನ ಪತ್ರಗಳನ್ನು ಕೊಟ್ಟು ತನ್ನ ಪತ್ರಗಳನ್ನೇಕೆ ಕೊಡಲಿಲ್ಲವೆಂದು ಇನ್ನು ಕೆಲವರು ಕೇಳಿದರು. ಎರಡನೆಯ ಪ್ರಶ್ನೆ ನ್ಯಾಯವಾದದ್ದು. ತನ್ನ ಪತ್ರಗಳು ತನ್ನ ಬಳಿ ಇಲ್ಲ, ಇದ್ದವರು ಹೊರತರಲಿ ಎಂಬುದು ಆಕೆಯ ಉತ್ತರ. ಅವರ ಸಂಸಾರದ ನೋವನ್ನೂ ನಾವು ಮರೆಯಬಾರದು. ಮೊದಲ ಆಕ್ಷೇಪದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಪ್ರೀತಿಸಿದವನು ಅಳಬಲ್ಲವನಾಗಿದ್ದ ಎಂದು ಹೇಳುವುದು ಅವನನ್ನು ಕೆಳಗಿಳಿಸಿದಂತೆ ಎಂದು ನಮಗೆ ಏಕೆ ತೋರುತ್ತದೆ? ಹೆಣ್ಣಿನ ವಿರಹವನ್ನು ಸಾವಿರ ವರ್ಷ ಸವಿದ ರಸಿಕರಿಗೆ ಗಂಡಸಿನ ವಿರಹ ಅವಮಾನವಾಗಿ ಕಂಡದ್ದೇಕೆ?

ಕುವೈತಿನ ಸುಆದ್ ಅಲ್-ಸಬಾಹ್ ಅವರದು ಇನ್ನೊಂದು ನೆಲೆ. ರಾಜಮನೆತನದವರು, ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. 1988ರ ಅವರ ಸಂಕಲನ ‘ಆದಿಯಲ್ಲಿ ಹೆಣ್ಣಿದ್ದಳು’ ಎಂದು ಸಾರುತ್ತದೆ. ‘ಗೆಳೆಯನಾಗು’ ಎಂಬ ಅವರ ಕವಿತೆಯನ್ನು ಲೆಬನಾನಿನ ಗಾಯಕಿ ಮಾಜಿದಾ ಅಲ್-ರೂಮಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಅದರ ಬೇಡಿಕೆ ಎಷ್ಟು ಸಣ್ಣದು ನೋಡಿ: ಜೊತೆಯಲ್ಲಿ ನಡೆಯುವುದು, ಜೊತೆಯಲ್ಲಿ ಪುಸ್ತಕ ಓದುವುದು, ಕಣ್ಣಿನ ಕಾಡಿಗೆಯನ್ನು ಕಂಡವನು ತಲೆಯೊಳಗಿನ ವಿಚಾರವನ್ನೂ ಕಾಣುವುದು. ನಲ್ಲನಿಗೆ ನಲ್ಲನ ಹುದ್ದೆಯಿಂದ ಗೆಳೆಯನ ಹುದ್ದೆಗೆ ಬಡ್ತಿ ಕೊಡುವ ಕವಿತೆಯಿದು. ರಾಜಮನೆತನದವಳಿಗೂ ಇದನ್ನು ಕೇಳಿಕೊಳ್ಳಬೇಕಾಯಿತು ಎಂಬುದು ಯೋಚಿಸಬೇಕಾದ ಸಂಗತಿ.

ಅನಂತರದ ಪೀಳಿಗೆಯಲ್ಲಿ ದನಿ ತಗ್ಗುತ್ತದೆ, ನೋಟ ಹರಿತವಾಗುತ್ತದೆ. ಸಿರಿಯಾದಿಂದ ಪ್ಯಾರಿಸ್ಸಿಗೆ ಹೋಗಿ ನೆಲೆಸಿದ ಮರಾಮ್ ಅಲ್-ಮಸ್ರಿ ಅವರ ‘ಬಿಳಿ ನೆಲದ ಮೇಲೆ ಕೆಂಪು ಚೆರ್ರಿ’ 1997ರಲ್ಲಿ ಟ್ಯುನಿಸ್‌ನಲ್ಲಿ ಪ್ರಕಟವಾಯಿತು. ಹನಿಗವಿತೆಗಳಷ್ಟು ಚಿಕ್ಕ ಪದ್ಯಗಳು. ಅವುಗಳಲ್ಲಿ ಬಂದುಹೋಗುವ ಗಂಡಸು ದೇವರೂ ಅಲ್ಲ, ರಾಕ್ಷಸನೂ ಅಲ್ಲ. ಬಯಕೆಯನ್ನು ಹೊತ್ತಿಸಿ ಒಂಟಿತನವನ್ನು ಉಳಿಸಿಹೋಗುವ ಮನುಷ್ಯ. ಈಜಿಪ್ಟಿನ ಈಮಾನ್ ಮರ್ಸಾಲ್ ಅವರ 1995ರ ಸಂಕಲನದಲ್ಲಿ, ಕುಣಿತ ಕಲಿಯಲು ತಕ್ಕದ್ದೆನ್ನುವ ಒಂದು ಕತ್ತಲ ಓಣಿಯ ಹೆಸರು ಹೊತ್ತ ಗದ್ಯಕವಿತೆಗಳ ಆ ಪುಸ್ತಕದಲ್ಲಿ, ಮಗಳ ನೋಟಕ್ಕೆ ಬೀಳುವ ಮುಖ್ಯ ಗಂಡಸು ತಂದೆ. ಅಧಿಕಾರದ ಪ್ರತೀಕವೆಂದು ಸ್ತ್ರೀವಾದ ನಮಗೆ ಹೇಳಿಕೊಟ್ಟ ತಂದೆ ಇಲ್ಲಿ ಕಾಯಿಲೆ ಬಿದ್ದ, ಸಾವಿಗೆ ಹತ್ತಿರವಾದ ಮನುಷ್ಯ. ಅವನ ಮೇಲಿನ ಸಿಟ್ಟನ್ನೂ ಪ್ರೀತಿಯನ್ನೂ ಕವಿತೆ ಒಂದೇ ತಣ್ಣನೆಯ ದನಿಯಲ್ಲಿ ಹೇಳುತ್ತದೆ. ಗಂಡಸನ್ನು ಪೂಜಿಸದೆ, ದೂಷಿಸದೆ ಸುಮ್ಮನೆ ನೋಡುವುದು ಸಾಧ್ಯವಾಗಲು ನಾಜಿಕ್ ಅವರಿಂದ ಇಲ್ಲಿಗೆ ಅರ್ಧ ಶತಮಾನ ಹಿಡಿಯಿತು.

ಆದರೆ ಚರಿತ್ರೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಬಾಗ್ದಾದಿನಲ್ಲಿ 1965ರಲ್ಲಿ ಹುಟ್ಟಿದ ದುನ್ಯಾ ಮಿಖಾಯಿಲ್ ಬೆಳೆದದ್ದು 1980ರಿಂದ 1988ರವರೆಗಿನ ಇರಾನ್-ಇರಾಕ್ ಯುದ್ಧದ ನೆರಳಿನಲ್ಲಿ; 1990ರ ದಶಕದಲ್ಲಿ ಅವರು ಅಮೆರಿಕೆಗೆ ಹೋದರು. ಅವರ ‘ಮೂಳೆಗಳ ಚೀಲ’ ಎಂಬ ಕವಿತೆಯಲ್ಲಿ ತಾಯಿಯೊಬ್ಬಳಿಗೆ ಕಾಣೆಯಾದವನ ಮೂಳೆಗಳು ಸಿಗುತ್ತವೆ. ಸಿಕ್ಕಿದ್ದೇ ಅದೃಷ್ಟವೆಂದು ಕವಿತೆ ಕಹಿಯಾಗಿ ನಗುತ್ತದೆ. ಉಳಿದ ಸಾವಿರಾರು ಚೀಲಗಳಿಗೆ ವಾರಸುದಾರರಿಲ್ಲ. ಹುಟ್ಟಿದಾಗ ತಾಯಿ ಕೊಟ್ಟದ್ದನ್ನು ಮಗ ಸಾವಿನಲ್ಲಿ ಹಿಡಿಯಷ್ಟು ಮೂಳೆಯಾಗಿ ಹಿಂದಿರುಗಿಸುತ್ತಾನೆ. ಅಲ್-ಖನ್ಸಾ ಸತ್ತ ಸೋದರನ ಎತ್ತರವನ್ನು ಹಾಡಿದ್ದಳು. ಇಲ್ಲಿ ಹಾಡಲು ಎತ್ತರವೇ ಉಳಿದಿಲ್ಲ. ಹದಿಮೂರು ಶತಮಾನಗಳ ಬಳಿಕ ಶೋಕಗೀತ ಮರಳಿದೆ, ವೀರನನ್ನು ಬಿಟ್ಟು.

ಇನ್ನು ಈ ಕಾವ್ಯವನ್ನು ನಾವು ಓದುವ ಬಗೆ. ಅರಬ್ ಕವಯಿತ್ರಿ ಇಂದು ಎರಡು ಬಗೆಯ ಓದುಗರ ನಡುವೆ ಸಿಕ್ಕಿಕೊಂಡಿದ್ದಾಳೆ. ತನ್ನ ಗಂಡಸರನ್ನು ಟೀಕಿಸಿ ಬರೆದರೆ ಹೊರಗಿನವರು ಅದನ್ನು ಹಿಡಿದು, ‘ನೋಡಿ, ಅವರ ಸಂಸ್ಕೃತಿಯೇ ಹೀಗೆ’ ಎಂದು ತೀರ್ಪು ಕೊಡುತ್ತಾರೆ. 2003ರಲ್ಲಿ ಇರಾಕಿನ ಮೇಲೆ ದಂಡೆತ್ತಿ ಹೋದವರೂ ಅಲ್ಲಿನ ಹೆಣ್ಣುಮಕ್ಕಳ ಬಿಡುಗಡೆಯ ಮಾತಾಡಿದರು. ಅದನ್ನು ಹೆದರಿ ಸುಮ್ಮನಾದರೆ ಒಳಗಿನವರು, ‘ನಮ್ಮ ಹೆಂಗಸರಿಗೆ ದೂರೇ ಇಲ್ಲ’ ಎನ್ನುತ್ತಾರೆ. ಕವಿತೆ ಆಡಿದರೆ ಸಾಕ್ಷ್ಯ, ಆಡದಿದ್ದರೆ ಸಮ್ಮತಿ. ಈ ಇಕ್ಕಟ್ಟಿನಲ್ಲಿ ನಿಂತು ಅವರು ಗಂಡಸನ್ನು ಎಷ್ಟು ಬಗೆಯಲ್ಲಿ ಕಂಡಿದ್ದಾರೆಂಬುದೇ ನನ್ನ ಬೆರಗು: ಕಲಿಸಿದ ಅಣ್ಣ, ಕೂಡಿಹಾಕಿದ ಅಣ್ಣ, ಬಾರದ ಅತಿಥಿ, ಪತ್ರದ ಓದುಗ, ಸರಿಸಮನಾದ ಎದುರಾಳಿ, ಆಗಬೇಕಾದ ಗೆಳೆಯ, ಕಾಯಿಲೆಯ ತಂದೆ, ಚೀಲದಲ್ಲಿ ಬಂದ ಮಗ. ಇಷ್ಟು ಜನರನ್ನು ‘ಅರಬ್ ಗಂಡಸು’ ಎಂಬ ಒಂದು ಪದದೊಳಗೆ ತುರುಕಲು ಸಾಧ್ಯವೆ?

ಕೊನೆಯದಾಗಿ ನಮ್ಮದೇ ಒಂದು ಮಾತು. ಈ ಕವಯಿತ್ರಿಯರೆಲ್ಲರೂ ಎದುರಿಸಿದ ಪ್ರಶ್ನೆ ಒಂದೇ: ‘ಅವನು ಯಾರು?’ ಗಂಡು ಕವಿಯ ಪ್ರೇಮಗೀತವನ್ನು ಓದಿ ನಾವು ಕಲ್ಪನೆಯನ್ನು ಹೊಗಳುತ್ತೇವೆ, ಹೆಣ್ಣಿನದನ್ನು ಓದಿ ವಿಳಾಸ ಹುಡುಕುತ್ತೇವೆ. ಇದು ಬಾಗ್ದಾದಿಗೆ, ನಾಬ್ಲಸ್‌ಗೆ ಮಾತ್ರ ಸೇರಿದ ಚಾಳಿಯಲ್ಲ. ಹೊರನಾಡಿನ ನಮ್ಮ ಕವಿಗೋಷ್ಠಿಗಳಲ್ಲಿ ಗೃಹಿಣಿಯೊಬ್ಬರು ಪ್ರೇಮಕವಿತೆ ಓದಿದಾಗ ಹಿಂದಿನ ಸಾಲಿನಿಂದ ‘ಯಜಮಾನರಿಗೆ ಗೊತ್ತೆ?’ ಎಂಬ ಹಾಸ್ಯ ಬಂದದ್ದನ್ನು ನಾನು ಕೇಳಿದ್ದೇನೆ. ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು ತನ್ನ ಮೊದಲ ಸಂಕಲನವನ್ನು ಅಚ್ಚಿಗೆ ಕೊಡುವ ಮುನ್ನ ಏಳು ಕವಿತೆಗಳನ್ನು ತೆಗೆದಿಟ್ಟಳು. ಅವು ಕೆಟ್ಟ ಕವಿತೆಗಳಾಗಿರಲಿಲ್ಲ, ಅವುಗಳಲ್ಲಿ ‘ನೀನು’ ಇತ್ತು, ಅಷ್ಟೇ. ನಮ್ಮ ಕನ್ನಡದ ‘ನೀನು’ ಗಂಡೆಂದೂ ಹೇಳುವುದಿಲ್ಲ, ಹೆಣ್ಣೆಂದೂ ಹೇಳುವುದಿಲ್ಲ. ಭಾಷೆಯೇ ಅಷ್ಟು ಉದಾರವಾಗಿ ಕೊಟ್ಟ ಮರೆಯನ್ನೂ ನಂಬಲಾಗದಂತೆ ಅವಳನ್ನು ಹೆದರಿಸಿದವರು ಯಾರು? ಅರಬ್ಬಿ ಹೆಣ್ಣಿನ ಪರದೆಯ ಬಗ್ಗೆ ಮರುಗುವ ಮುನ್ನ ಇದಕ್ಕೆ ನಾವು ಉತ್ತರ ಕಂಡುಕೊಳ್ಳಬೇಕು.

ಆದ್ದರಿಂದ ನನ್ನ ಬಿನ್ನಹ ಎರಡು. ಒಂದು, ಈ ಕವಯಿತ್ರಿಯರನ್ನು ಕನ್ನಡಕ್ಕೆ ತರುವ ಕೆಲಸ ಆಗಬೇಕು. ಕೊಲ್ಲಿ ನಾಡಿನಲ್ಲಿ ಬಾಳಿ ಅರಬ್ಬಿ ಕಲಿತ ಕನ್ನಡಿಗರು ನಮ್ಮಲ್ಲಿದ್ದಾರೆ, ಮೂಲದಿಂದಲೇ ತರಬಲ್ಲರು. ಎರಡು, ಮುಂದಿನ ಗೋಷ್ಠಿಯಲ್ಲಿ ನಮ್ಮ ಸೋದರಿಯರು ತೆಗೆದಿಟ್ಟ ಕವಿತೆಗಳನ್ನು ತಂದು ಓದಲಿ. ಅವರು ಓದುವಾಗ ಹಿಂದಿನ ಸಾಲಿನ ನಾವು ‘ಯಾರು’ ಎಂದು ಕೇಳದೆ, ಕವಿತೆ ಹೇಗಿದೆ ಎಂದಷ್ಟೇ ಕೇಳುವ ಸೌಜನ್ಯ ತೋರೋಣ.